ಉದ್ಯಮದ ವಯಸ್ಸು ಮತ್ತು ಗಾತ್ರ

ಮನುಷ್ಯನಿಗೆ ಬಾಲ್ಯ, ಯೌವನ, ಮುಪ್ಪುಗಳಿರುವಂತೆ ಉದ್ಯಮ ಸಂಸ್ಥೆಗಳಿಗೂ ವಯಸ್ಸುಂಟು, ಬೆಳವಣಿಗೆಯುಂಟು. ಆದರೆ ಒಂದು ಭೇದವಿದೆ. ಮನುಷ್ಯನಿಗೆ ಮುಪ್ಪು ತಪ್ಪದು; ಸಂಸ್ಥೆಗೆ ಅದು ಅನಿವಾರ್ಯವಲ್ಲ. ವಯಸ್ಸೂ ಗಾತ್ರವೂ ಸಂಸ್ಥೆಗೆ ಯಾವಾಗ ಬಲವಾಗುತ್ತವೆ, ಯಾವಾಗ ಹೊರೆಯಾಗುತ್ತವೆ ಎಂಬುದನ್ನು ವಿಚಾರಿಸೋಣ.

ಮೊದಲು ಗಾತ್ರವನ್ನು ನೋಡೋಣ. 1,00,000 ರೂಪಾಯಿ ಬೆಲೆಯ ಯಂತ್ರವೊಂದರಿಂದ 1,000 ವಸ್ತುಗಳನ್ನು ತಯಾರಿಸಿದರೆ, ಒಂದೊಂದರ ಮೇಲೆ ಬೀಳುವ ಯಂತ್ರದ ವೆಚ್ಚ 100 ರೂಪಾಯಿ. ಅದೇ ಯಂತ್ರದಿಂದ 10,000 ವಸ್ತುಗಳನ್ನು ತಯಾರಿಸಿದರೆ ಆ ವೆಚ್ಚ 10 ರೂಪಾಯಿಗೆ ಇಳಿಯುತ್ತದೆ. ದೊಡ್ಡ ಸಂಸ್ಥೆ ಅಗ್ಗವಾಗಿ ಮಾರಬಲ್ಲುದಕ್ಕೆ ಇದೊಂದು ಮುಖ್ಯ ಕಾರಣ. ವಯಸ್ಸಿನಿಂದಲೂ ಪ್ರಯೋಜನವುಂಟು. ಕಾಲಕ್ರಮದಲ್ಲಿ ಕೆಲಸಗಾರರ ಕೈ ಪಳಗುತ್ತದೆ. ಗಿರಾಕಿಗಳ ವಿಶ್ವಾಸ ಬೇರೂರುತ್ತದೆ. ಈ ಬಲಗಳಿಲ್ಲದೆ ಎಷ್ಟೋ ಹೊಸ ಉದ್ಯಮಗಳು ಎಳವೆಯಲ್ಲಿಯೇ ಕಣ್ಣು ಮುಚ್ಚುತ್ತವೆ.

ಇಷ್ಟಾದರೂ ಹಿರಿಮೆಯೊಂದೇ ಸಾಲದು. ಭಾರತ ಸರ್ಕಾರವು 1953ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸಂಸ್ಥೆಯನ್ನು ಸ್ಥಾಪಿಸಿತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದೊಡನೆ ಅದು ಕೈಗಡಿಯಾರಗಳ ತಯಾರಿಕೆಯನ್ನು ಕೈಗೊಂಡಿತು. ಎಚ್.ಎಂ.ಟಿ. ಗಡಿಯಾರ ಮನೆಮಾತಾಯಿತು, ಮದುವೆಯಲ್ಲಿ ಅಳಿಯನಿಗೆ ಕೊಡುವ ಉಡುಗೊರೆಯಾಯಿತು.

ಅಷ್ಟರಲ್ಲಿ ಲೋಕದಲ್ಲಿ ಬದಲಾವಣೆಯ ಗಾಳಿ ಬೀಸಿತು. ಕೀಲಿ ಕೊಡಬೇಕಾದ ಗಡಿಯಾರಗಳ ಸ್ಥಾನಕ್ಕೆ, ಬ್ಯಾಟರಿಯಿಂದ ನಡೆದು ಹೆಚ್ಚು ನಿಖರವಾಗಿ ಕಾಲ ತೋರುವ ಕ್ವಾರ್ಟ್ಜ್ ಗಡಿಯಾರಗಳು ಬಂದವು. ಎಚ್.ಎಂ.ಟಿ. ಇವನ್ನೂ ತಯಾರಿಸಿತಾದರೂ ಅದರ ಒಲವು ಹಳೆಯ ಬಗೆಯ ಕಡೆಗೇ ಉಳಿಯಿತು. ಅದರ ಯಂತ್ರಗಳು, ಕುಶಲತೆ, ವ್ಯವಸ್ಥೆ ಎಲ್ಲವೂ ಅದಕ್ಕೇ ಒಗ್ಗಿದ್ದವು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ? 1984ರಲ್ಲಿ ಟಾಟಾ ಸಮೂಹವೂ ತಮಿಳುನಾಡು ಸರ್ಕಾರದ ನಿಗಮವೂ ಕೂಡಿ ಟೈಟಾನ್ ಕಂಪನಿಯನ್ನು ಆರಂಭಿಸಿದವು. ಹೊಸೂರಿನ ಈ ಕಿರಿಯ ಸಂಸ್ಥೆ ಕ್ವಾರ್ಟ್ಜನ್ನೇ ನೆಚ್ಚಿ ಮುಂದೆ ಸಾಗಿತು. 2016ರಲ್ಲಿ ಎಚ್.ಎಂ.ಟಿ.ಯ ಗಡಿಯಾರ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆಯಿತ್ತಿತು. ಕಾರ್ಖಾನೆ ಮುಚ್ಚಿದಾಗ ಯಂತ್ರಗಳಷ್ಟೇ ನಿಲ್ಲುವುದಿಲ್ಲ. ಅದನ್ನು ನಂಬಿದ ಮನೆಗಳ ಒಲೆಗೂ ಅದರ ಬಿಸಿ ತಟ್ಟುತ್ತದೆ.

ಹಾಗಾದರೆ ಗೆಲುವು ಕಿರಿಯರಿಗೇ ಮೀಸಲೆ? ಅಲ್ಲ. ಟೈಟಾನನ್ನು ಹುಟ್ಟುಹಾಕಿದ ಟಾಟಾ ಸಮೂಹ ಆರಂಭವಾದುದು 1868ರಲ್ಲಿ, ಅದು ಎಚ್.ಎಂ.ಟಿ.ಗಿಂತ ಬಹು ಹಿರಿದು. ಎಚ್.ಎಂ.ಟಿ.ಗೆ ವಿದ್ಯೆ ಕಲಿಸಿದ ಸಿಟಿಜನ್ ಕಂಪನಿ 1930ರಲ್ಲಿ ಸ್ಥಾಪಿತವಾದುದು. ಅದು ತಾನೂ ಕ್ವಾರ್ಟ್ಜ್ ವಿದ್ಯೆಯನ್ನು ಕಲಿತು ಬಾಳಿತು. ಆದುದರಿಂದ ಸಂಸ್ಥೆಯೊಂದು ಎಷ್ಟು ಹಳೆಯದು, ಎಷ್ಟು ದೊಡ್ಡದು ಎಂದು ಕೇಳಿದರೆ ಸಾಲದು. ಅದು ಈಗಲೂ ಕಲಿಯುತ್ತಿದೆಯೆ ಎಂದೂ ಕೇಳಬೇಕು.

ಪ್ರಶ್ನೆಗಳು
1. ತಯಾರಿಕೆ ಹೆಚ್ಚಿದಂತೆ ಪ್ರತಿ ವಸ್ತುವಿನ ವೆಚ್ಚ ಏಕೆ ಇಳಿಯುತ್ತದೆ?
2. ಎಚ್.ಎಂ.ಟಿ.ಯ ಬಲವೇ ಅದಕ್ಕೆ ಹೊರೆಯಾದುದು ಹೇಗೆ?
3. ನಿಮ್ಮ ಊರಿನ ಹಳೆಯ ಅಂಗಡಿಯೊಂದು ಇಂದಿಗೂ ನಡೆಯುತ್ತಿರಲು ಕಾರಣವೇನೆಂದು ವಿಚಾರಿಸಿ ಬರೆಯಿರಿ.