ಡಿಕ್ಕಿ ತುಂಬ ಗಿಡ ತಂದವನಿಗೆ

ಕಳೆದ ಶನಿವಾರ ರಾತ್ರಿ ಹನ್ನೊಂದು ಗಂಟೆಗೆ ಬೆಂಗಳೂರಿನಿಂದ ಬಂದು ಕಾರಿನ ಡಿಕ್ಕಿ ತೆಗೆದೆಯಲ್ಲ ಪುಟ್ಟಾ, ನನಗೆ ಆಗಲೇ ನಾಲ್ಕು ಮಾತು ಹೇಳಬೇಕೆನಿಸಿತ್ತು. ಹಸಿದು ಬಂದವನಿಗೆ ಅನ್ನ ಬಡಿಸಬೇಕು, ಬುದ್ಧಿ ಬಡಿಸಬಾರದು ಎಂದು ಸುಮ್ಮನಾದೆ. ಬೆಳಿಗ್ಗೆ ಎದ್ದು ಎಣಿಸಿದೆ. 26 ತೊಟ್ಟೆ! ರಂಬುಟಾನ್, ಮ್ಯಾಂಗೋಸ್ಟೀನ್, ಡುರಿಯನ್, ಜಬೋಟಿಕಾಬ, ಮಿರಾಕಲ್ ಫ್ರೂಟ್; ನಿಂಬೆ-ಕಿತ್ತಳೆಯ ಬಳಗದಲ್ಲೇ ಏಳು ಬಗೆ. ಯಾವುದು ಬ್ರೆಜಿಲಿನದು, ಯಾವುದು ಮಲೇಷ್ಯಾದ್ದು, ಯಾವುದಕ್ಕೆ ಎಷ್ಟು ಕೊಟ್ಟೆ, ಎಲ್ಲ ನಿನಗೆ ಬಾಯಿಪಾಠ. ಯಾವುದಕ್ಕೆ ಬಿಸಿಲು ಬೇಕು, ಯಾವುದಕ್ಕೆ ನೆರಳು ಬೇಕು ಎಂದು ಕೇಳಿದೆ. ನೀನು ಜೇಬಿನಿಂದ ಫೋನ್ ತೆಗೆದೆ.

ಆಸೆಪಟ್ಟದ್ದು ತಪ್ಪೆನ್ನುತ್ತಿಲ್ಲ ಮಾರಾಯ. ನಿನ್ನ ಪ್ರಾಯದ ಹುಡುಗರು ಸಂಬಳ ಬಂದ ವಾರ ಏನೇನಕ್ಕೆ ದುಡ್ಡು ಸುರಿಯುತ್ತಾರೆ ಎಂದು ನನಗೂ ಸ್ವಲ್ಪ ಗೊತ್ತುಂಟು. ನೀನು ಗಿಡಕ್ಕೆ ಸುರಿದೆ, ಸಂತೋಷ. ಈ ಮನೆಯಲ್ಲಿ ಗಿಡದ ಹುಚ್ಚು ಹಿಡಿದ ಮೊದಲನೆಯವನೂ ನೀನಲ್ಲ.

ನಿನ್ನ ಅಜ್ಜ ಇದ್ದರಲ್ಲ. ಕಾಸರಗೋಡಿನ ನೆಂಟರ ಮನೆಯಲ್ಲಿ ಮೊದಲ ಸಲ ರಂಬುಟಾನ್ ತಿಂದವರು ಏಳು ಬೀಜ ಕರವಸ್ತ್ರದಲ್ಲಿ ಕಟ್ಟಿ ತಂದರು. ಆ ಬೀಜಕ್ಕೆ ತಾಳ್ಮೆಯೇ ಇಲ್ಲ. ಒಣಗಿದರೆ ಸತ್ತಿತು, ಒಂದು ವಾರದೊಳಗೆ ಮಣ್ಣು ಸೇರಬೇಕು. ಅದು ಹೇಗೋ ಅವರಿಗೆ ತಿಳಿದಿತ್ತು, ಬಂದ ದಿನವೇ ಊರಿದರು. ಎರಡು ಉಳಿದವು. ಬೇಸಿಗೆಯಲ್ಲಿ ಅವಕ್ಕೆ ಕೊಡಪಾನದಲ್ಲಿ ನೀರು ಹೊತ್ತದ್ದು ನಾನು, ಬಂದವರಿಗೆಲ್ಲ ತೋರಿಸಿದ್ದು ಅವರು. ಎಂಟನೆಯ ವರ್ಷ ಹೂ ಬಿಟ್ಟಿತು ನೋಡು, ಮರದ ತುಂಬ ಜೇನುನೊಣ. ಅಜ್ಜ ಪೇಟೆಗೆ ಹೋಗಿ ಹಣ್ಣಿನಂಗಡಿಯಲ್ಲಿ ರೇಟು ಕೂಡ ಕೇಳಿ ಬಂದರು. ಹೂ ಉದುರಿತು, ಮಿಡಿ ಒಂದೂ ಕೂರಲಿಲ್ಲ. ಮರುವರ್ಷವೂ ಅದೇ ಕಥೆ. ಆಮೇಲೆ ತಿಳಿದವರೊಬ್ಬರು ಬಂದು ಹೂ ನೋಡಿ ನಕ್ಕರು: ಎರಡೂ ಗಂಡು ಮರ! ಬೀಜದಿಂದ ಎದ್ದ ರಂಬುಟಾನ್‌ನಲ್ಲಿ ಸುಮಾರು ಅರ್ಧಕ್ಕರ್ಧ ಗಂಡೇ ಆಗುತ್ತದೆ. ಎಲೆ ನೋಡಿ ಹೇಳುವ ಹಾಗಿಲ್ಲ, ಹೂ ಬರುವವರೆಗೆ ಕಾಯಬೇಕು. ಕಡಿಯಲು ಅಜ್ಜನಿಗೆ ಮನಸ್ಸು ಬರಲಿಲ್ಲ. ಬುಡದಲ್ಲಿ ಕರಿಮೆಣಸಿನ ಬಳ್ಳಿ ನೆಟ್ಟರು. ರಂಬುಟಾನ್ ಮರದಿಂದ ಕರಿಮೆಣಸು ಕೊಯ್ದ ಮನೆ ಈ ಸೀಮೆಯಲ್ಲಿ ನಮ್ಮದೊಂದೇ ಇರಬೇಕು.

ನೀನು ಕಸಿ ಗಿಡವನ್ನೇ ತಂದಿದ್ದೀ, ಅಷ್ಟರಮಟ್ಟಿಗೆ ಅಜ್ಜನಿಗಿಂತ ಜಾಣ. ಕೇರಳದಿಂದ ಬರುವ ಎನ್-18 ಆಗಲಿ, ಕೊಡಗಿನ ಚೆಟ್ಟಳ್ಳಿ ಕೇಂದ್ರದವರು ಕೊಟ್ಟ ಅರ್ಕಾ ಕೂರ್ಗ್ ಅರುಣ್ ಆಗಲಿ, ಹೆಸರಿರುವ ಜಾತಿಯ ಕಸಿ ಆದರೆ ಮೂರ್ನಾಲ್ಕು ವರ್ಷದಲ್ಲಿ ಹಣ್ಣು ತೋರಿಸುತ್ತದೆ. ಆದರೆ ಕಸಿ ಎಂದ ಕೂಡಲೇ ನಿಶ್ಚಿಂತೆಯಿಂದ ಮಲಗಬೇಡ. ಈಗ ನನ್ನ ಪೆದ್ದುತನ ಕೇಳು.

ಬೀಜವಿಲ್ಲದ ನಿಂಬೆ ಎಂದು ಒಂದು ಗಿಡ ತರಿಸಿದ್ದೆ. ಬಾವಿಕಟ್ಟೆಯ ಪಕ್ಕ ನೆಟ್ಟೆ. ಪಾತ್ರೆ ತೊಳೆದ ನೀರು ಹೋಗುವ ಜಾಗ, ಕೇಳಬೇಕೇ? ಮೊದಲ ವರ್ಷ ಮಂಕಾಗಿ ಕೂತಿತ್ತು. ಎರಡನೆಯ ವರ್ಷ ಬುಡದಿಂದ ಒಂದು ಚಿಗುರು ಎದ್ದಿತು ನೋಡು, ದಿನಕ್ಕೊಂದು ಗೇಣು ಎನ್ನುವ ಹಾಗೆ. ಇಷ್ಟುದ್ದ ಮುಳ್ಳು. ನನ್ನ ಕೈಗುಣ ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡೆ. ಐದನೆಯ ವರ್ಷ ಕಾಯಿ ಬಿಟ್ಟಿತು. ದಪ್ಪ ಸಿಪ್ಪೆ, ಮೈಯೆಲ್ಲ ಗಂಟುಗಂಟು, ಒಳಗೆ ಹಿಡಿ ತುಂಬ ಬೀಜ. ಅದು ಜಂಬೇರಿ. ನಾನು ದುಡ್ಡು ಕೊಟ್ಟು ತಂದ ನಿಂಬೆ ಮೇಲಿನ ತುಂಡು. ಕೆಳಗೆ ಬೇರು ಕೊಡಲಿಕ್ಕೆಂದು ಇದ್ದದ್ದು ಜಂಬೇರಿ. ಸಾಕಿದವಳನ್ನು ಹೊರಗೆ ನಿಲ್ಲಿಸಿ ಆಳು ಯಜಮಾನನಾದ ಹಾಗೆ, ಕೆಳಗಿನದು ಎದ್ದು ಮೇಲಿನದನ್ನು ಸಾಯಿಸಿತ್ತು. ನಾನು ಮೂರು ವರ್ಷ ಅದಕ್ಕೇ ನೀರೆರೆದು ಹೊಗಳಿದ್ದೆ.

ಆದ್ದರಿಂದ ನಿನ್ನ ಏಳು ಗಿಡಗಳನ್ನೂ ಒಮ್ಮೆ ಬಗ್ಗಿ ನೋಡು. ಬುಡದಿಂದ ಒಂದು ಗೇಣಿನೊಳಗೆ ಕಾಂಡ ಸ್ವಲ್ಪ ಓರೆಯಾಗಿ, ಗಂಟು ಕಟ್ಟಿದ ಹಾಗಿರುತ್ತದೆ. ಅದೇ ಕಸಿಯ ಗಂಟು. ಅದರ ಕೆಳಗೆ ಏನೇ ಚಿಗುರಿದರೂ, ಎಷ್ಟೇ ಚಂದ ಇದ್ದರೂ, ಎಳೆಯದಿರುವಾಗಲೇ ಚಿವುಟಿ ಎಸೆ. ನಿನ್ನ ಒಂದು ಗಿಡದಲ್ಲಿ ಈಗಲೇ ಎರಡು ಚಿಗುರು ಇದ್ದವು. ತೆಗೆದಿದ್ದೇನೆ, ಸಿಟ್ಟಾಗಬೇಡ. ಗಂಟಿಗೆ ಸುತ್ತಿದ ಪ್ಲಾಸ್ಟಿಕ್ ಪಟ್ಟಿಯನ್ನೂ ಬಿಚ್ಚಿದೆ. ಒಂದರಲ್ಲಿ ಅದು ಕಾಂಡದೊಳಗೆ ಕಚ್ಚಿಕೊಂಡಿತ್ತು.

ಮ್ಯಾಂಗೋಸ್ಟೀನ್ ವಿಷಯ ಬೇರೆ. ಅದರಲ್ಲಿ ಗಂಡು ಮರವೇ ಕಾಣಸಿಗುವುದಿಲ್ಲ. ಹೂವಿಗೆ ಪರಾಗ ಬೇಡ, ಬೀಜ ತನ್ನಷ್ಟಕ್ಕೆ ಕಟ್ಟುತ್ತದೆ, ಗಿಡ ಥೇಟ್ ತಾಯಿಯ ಹಾಗೆಯೇ ಬರುತ್ತದೆ. ಬೀಜದ ಗಿಡ ಸಾಕು. ಆದರೆ ಅದರ ನಡಿಗೆ ಎಂದರೆ ಬಸವನಹುಳಕ್ಕೂ ನಾಚಿಕೆ. ಎರಡು ವರ್ಷಕ್ಕೆ ಒಂದಡಿ ಏರಿದರೆ ದೊಡ್ಡದು, ಹಣ್ಣಿಗೆ ಎಂಟು-ಹತ್ತು ವರ್ಷ. ಬೇರಿನಲ್ಲಿ ನವಿರು ಕವಲು ಕಡಿಮೆ. ಒಮ್ಮೆ ಅಲುಗಾಡಿಸಿದರೆ ಮುನಿಸಿಕೊಂಡು ವರ್ಷಗಟ್ಟಲೆ ಕೂರುತ್ತದೆ. ನೀನು ಭಾನುವಾರ ಅದನ್ನು ಮೂರು ಕಡೆ ಇಟ್ಟು ನೋಡಿದೆ. ಊಟಿಯಿಂದ ಮೇಟುಪಾಳ್ಯಕ್ಕೆ ಇಳಿಯುವ ದಾರಿಯಲ್ಲಿ ಬರ್ಲಿಯಾರ್, ಕಲ್ಲಾರ್ ಎಂದು ಬ್ರಿಟಿಷರ ಕಾಲದ ಹಣ್ಣಿನ ತೋಟಗಳಿವೆ. ಅಲ್ಲಿ ಆ ಮರಗಳ ಕೆಳಗೆ ನಿಂತು ನೋಡು, ನಡುಹಗಲಲ್ಲೂ ಮುಸ್ಸಂಜೆ. ಅಂಥದ್ದು ಬೇಕಾದರೆ ಮೊದಲ ಮೂರ್ನಾಲ್ಕು ವರ್ಷ ಗಿಡಕ್ಕೆ ಮಡಲಿನ ನೆರಳು ಕಟ್ಟು, ಆಮೇಲೆ ಅದನ್ನು ಮರೆತ ಹಾಗೆ ಇರು. ಬೇಲಿಯ ಹತ್ತಿರದ ನಮ್ಮ ಪುನರ್ಪುಳಿ ಇದೆಯಲ್ಲ, ಅದೂ ಇದೂ ದಾಯಾದಿಗಳು. ಒಂದೇ ಕುಲ. ಹಣ್ಣು ಒಡೆದು ನೋಡಿದರೆ ಗೊತ್ತಾದೀತು.

ಇನ್ನು ಗುಂಡಿಯ ವಿಚಾರ. ನೀನು ಮೇಲಿನ ಗುಡ್ಡೆಯಲ್ಲಿ ಮುರಕಲ್ಲಿನ ನೆಲದಲ್ಲಿ ಜೆಸಿಬಿ ತರಿಸಿ ಮೂರಡಿ ಆಳದ ಗುಂಡಿ ತೋಡಿಸುತ್ತೇನೆ ಎಂದೆ. ತೋಡಿಸು. ಜೂನ್‌ನಲ್ಲಿ ಬಂದು ನೋಡಿದರೆ 26 ಸಣ್ಣ ಬಾವಿಗಳು ಸಿಗುತ್ತವೆ, ಕಪ್ಪೆ ಸಾಕಬಹುದು. ಮುರಕಲ್ಲಿನಲ್ಲಿ ತೋಡಿದ ಗುಂಡಿ ಕಲ್ಲಿನ ಮರಿಗೆಯೇ, ನೀರು ಎಲ್ಲಿಗೆ ಹೋಗಬೇಕು? ಡುರಿಯನ್‌ಗೂ ನಿಂಬೆಯ ಬಳಗಕ್ಕೂ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಎಲೆ ಬಾಡುತ್ತದೆ. ಬಾಡಿದ್ದು ಕಂಡು ನಿನ್ನಂಥ ಪ್ರೀತಿಯವರು ಇನ್ನೂ ನೀರು ಹೊಯ್ಯುತ್ತಾರೆ. ನಾನು ಕಂಡ ಹಾಗೆ ನೀರಿಲ್ಲದೆ ಸತ್ತ ಗಿಡಕ್ಕಿಂತ ನೀರು ಕುಡಿದು ಸತ್ತ ಗಿಡವೇ ಹೆಚ್ಚು.

ಕಲ್ಲಿನ ನೆಲವಾದರೆ ಮೇಲುಮಣ್ಣು, ಸುಡುಮಣ್ಣು, ಚೆನ್ನಾಗಿ ಕೊಳೆತ ಹಟ್ಟಿಗೊಬ್ಬರ ಕಲಸಿ ಒಂದೂವರೆ ಅಡಿ ಎತ್ತರದ ದಿಬ್ಬ ಮಾಡು, ಅದರ ಮೇಲೆ ನೆಡು. ಆಟಿಯ ಜಡಿಮಳೆ ಕಳೆಯಲಿ, ಸೋಣದಲ್ಲಿ ನೆಟ್ಟರೆ ಬೇರಿಗೆ ಹಸಿಯೂ ಇರುತ್ತದೆ, ಉಸಿರೂ ಇರುತ್ತದೆ. ತೊಟ್ಟೆ ಹರಿದಾಗ ಬೇರು ಸಿಂಬೆಯ ಹಾಗೆ ಸುತ್ತಿಕೊಂಡಿದ್ದರೆ ಹೊರಗಿನ ಸುತ್ತನ್ನು ಬಿಡಿಸಿ ಹೊರಮುಖ ಮಾಡು, ತೀರಾ ಹಟಮಾರಿಯಾದರೆ ಕತ್ತರಿಸು. ಹೀಗೆ ಬಿಡಿಸುವುದು ರಂಬುಟಾನ್, ನಿಂಬೆಗೆ; ಮ್ಯಾಂಗೋಸ್ಟೀನ್‌ಗೆ ಕೈ ಹಚ್ಚಬೇಡ, ಮಣ್ಣಿನ ಮುದ್ದೆಯ ಸಮೇತ ಇಳಿಸು. ಕಸಿಯ ಗಂಟು ಮಣ್ಣಿನಿಂದ ಮೇಲಿರಲಿ. ತರಗೆಲೆ ಧಾರಾಳ ಹಾಕು, ಕಾಂಡಕ್ಕೆ ತಾಗಿಸಬೇಡ. ಒಂದು ಅಂಗೈ ಅಗಲ ಬಿಟ್ಟಿರಲಿ.

ನೆಟ್ಟ ಮೇಲಿನ ಕೆಲಸ ಒಂದೇ, ನೋಡುವುದು. ಫೋಟೋ ತೆಗೆಯುವುದಲ್ಲ ಪುಟ್ಟಾ, ನೋಡುವುದು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಎಲೆ ಮಗುಚಿ ನೋಡಬೇಕು. ನಿಂಬೆಯ ಚಿಗುರಿನ ಮೇಲೆ ಹಕ್ಕಿ ಹಿಕ್ಕೆ ಬಿದ್ದ ಹಾಗಿರುತ್ತದೆ, ಒರೆಸಲು ಹೋದರೆ ಅಲುಗುತ್ತದೆ! ಅದು ನಿಂಬೆ ಚಿಟ್ಟೆಯ ಮರಿಹುಳ. ನಾಲ್ಕು ದಿನ ಬಿಟ್ಟರೆ ಹಸಿರಾಗಿ ಕಿರುಬೆರಳು ಗಾತ್ರಕ್ಕೆ ಬೆಳೆಯುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಎರಡು ಕೊಂಬು ಚಾಚಿ ಗಬ್ಬು ವಾಸನೆ ಬಿಡುತ್ತದೆ. ನಿನ್ನ ಅಮ್ಮ ಚಿಕ್ಕವಳಿದ್ದಾಗ ಅದನ್ನು ಮುಟ್ಟಿ ಕಿರುಚಿ ಬಾವಿಕಟ್ಟೆಯಿಂದ ಅಡುಗೆಮನೆಯವರೆಗೆ ಓಡಿದ್ದಳು. ಈಗ ಕೇಳಿದರೆ ಒಪ್ಪುವುದಿಲ್ಲ. ಎಳೆಯ ಗಿಡವಾದರೆ ಹುಳ ಹೆಕ್ಕಿ ತೆಗೆ. ಮರವಾದ ಮೇಲೆ ಅದರ ಪಾಲು ಅದಕ್ಕೆ ಬಿಡು, ಚಿಟ್ಟೆ ಚಂದ ಇರುತ್ತದೆ. ಎಲೆಯ ಮೇಲೆ ಬೆಳ್ಳಿ ಗೀಟು ಎಳೆದ ಹಾಗಿದ್ದರೆ ಸುರಂಗ ಕೊರೆಯುವ ಹುಳ. ಅದಕ್ಕೆ ಗಾಬರಿ ಬೇಡ.

ಗಾಬರಿ ಬೀಳಬೇಕಾದದ್ದಕ್ಕೆ ನೀನು ಬೀಳುವುದಿಲ್ಲ. ಮುಂದಿನ ತಿಂಗಳು ಥಾಯ್ಲೆಂಡಿಗೆ ಹೋದಾಗ ಯಾವುದೋ ಕಿತ್ತಳೆಯ ಕಡ್ಡಿ ಬಟ್ಟೆಯೊಳಗೆ ಸುತ್ತಿ ತರುತ್ತೇನೆ ಎಂದು ನಗುತ್ತಾ ಹೇಳಿದೆಯಲ್ಲ, ನನಗೆ ನಗು ಬರಲಿಲ್ಲ. ಕಾನೂನಿನ ಮಾತು ಹಾಗಿರಲಿ, ಅದೂ ತಪ್ಪೇ. ಕೊಡಗಿನ ಕಿತ್ತಳೆ ಎಂದರೆ ನಮ್ಮ ಕಾಲದಲ್ಲಿ ಕಾಫಿ ತೋಟದ ನಡುವೆ ಮರಮರವೂ ಹಳದಿ. ಈಗ ಹುಡುಕಬೇಕು. ಕಾರಣ ಒಂದೇ ಅಲ್ಲ, ಆದರೆ ದೊಡ್ಡ ಕಾರಣಗಳಲ್ಲಿ ಒಂದು ಗ್ರೀನಿಂಗ್ ರೋಗ. ಎಲೆಯ ಒಂದು ಮಗ್ಗುಲು ಒಂದು ರೀತಿ, ಇನ್ನೊಂದು ಮಗ್ಗುಲು ಇನ್ನೊಂದು ರೀತಿ ಹಳದಿಯಾಗುತ್ತದೆ. ಹಣ್ಣು ಸೊಟ್ಟ, ತಳ ಹಸಿರು, ರುಚಿ ಕಹಿ. ಮದ್ದಿಲ್ಲ. ಹರಡುವುದು ಸಿಲ್ಲಿಡ್ ಎಂಬ ಹುಳ, 3-4 ಮಿಲಿಮೀಟರ್ ಇದ್ದೀತು, ಚಿಗುರಿನ ಮೇಲೆ ಹಿಂಭಾಗ ಎತ್ತಿ ಕೂರುತ್ತದೆ. ನಮ್ಮ ಕರಿಬೇವಿನ ಮೇಲೂ ಅದು ಸಂಸಾರ ಹೂಡುತ್ತದೆ. ಇನ್ನೊಂದು ದಾರಿ ರೋಗದ ಮರದಿಂದ ತಂದ ಕಸಿ ಕಡ್ಡಿ. ಅಮೆರಿಕದ ಫ್ಲೋರಿಡಾದಲ್ಲಿ ಈ ರೋಗ ಕಂಡದ್ದು 2005ರಲ್ಲಿ. ಇಪ್ಪತ್ತು ವರ್ಷದೊಳಗೆ ಅಲ್ಲಿಯ ಕಿತ್ತಳೆ ಬೆಳೆ ಹತ್ತರಲ್ಲೊಂದು ಪಾಲಿಗೂ ಕಡಿಮೆಯಾಯಿತು. ದುಡ್ಡು, ವಿಜ್ಞಾನ ಎರಡೂ ಇದ್ದವರ ಪಾಡು ಅದು. ನಿನ್ನ ಸೂಟ್‌ಕೇಸಿನ ಒಂದು ಕಡ್ಡಿ ಈ ಊರಿನ ಎಷ್ಟು ಹಿತ್ತಲಿಗೆ ಮುಳುವಾದೀತು, ಲೆಕ್ಕ ಹಾಕು. ಲೆಕ್ಕದಲ್ಲಿ ನೀನು ಜಾಣ.

ಹೊಸ ಬಗೆ ಬೇಕೇ ಬೇಕೆಂದಿದ್ದರೆ ಹತ್ತಿರದಲ್ಲೇ ಇದೆ. ಬೆರಳು ಬೆರಳಾಗಿರುವ ‘ಬುದ್ಧನ ಕೈ’ ನಿಂಬೆಯ ಚಿತ್ರ ತೋರಿಸಿ ಕುಣಿದಾಡಿದೆಯಲ್ಲ, ಅದು ನಮ್ಮ ಮಾದಳದ್ದೇ ಒಂದು ಬಗೆ ಕಣೋ. ಕೊಲ್ಹಾಪುರದ ಮಹಾಲಕ್ಷ್ಮಿಯ ಕೈಯಲ್ಲಿರುವುದು ಇದೇ ಮಾದಳ. ನಮ್ಮದು ಹಟ್ಟಿಯ ಹಿಂದೆ ಇದೆ, ನೀನು ಅದಕ್ಕೆ ಬೈಕ್ ಒರಗಿಸಿ ನಿಲ್ಲಿಸುತ್ತೀ. ಕಂಚಿಕಾಯಿ ನಿನಗೆ ಉಪ್ಪಿನಕಾಯಿ ಭರಣಿಯಲ್ಲಿ ಮಾತ್ರ ಗೊತ್ತು. ದೇವನಹಳ್ಳಿಯ ಚಕ್ಕೋತಕ್ಕೆ ಭೌಗೋಳಿಕ ಗುರುತು ಸಿಕ್ಕಿದೆ; ನೀನು ಎಷ್ಟು ಸಲ ಆ ಊರಿನ ವಿಮಾನ ನಿಲ್ದಾಣಕ್ಕೆ ಹೋಗಿ ಬಂದೆ, ಒಮ್ಮೆಯಾದರೂ ಆ ಮರ ಕಂಡೆಯಾ? ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಿನ್ನಂಥವರನ್ನು ನೋಡಿಯೇ ಹುಟ್ಟಿರಬೇಕು.

ಒಂದು ತಮಾಷೆ ಮಾಡು. ನಿಂಬೆ ಹಿಂಡಿದಾಗ ಉಳಿದ ಬೀಜವನ್ನು ಗೆರಟೆಯಲ್ಲಿ ಮಣ್ಣು ತುಂಬಿ ಊರು. ಒಂದೇ ಬೀಜದಿಂದ ಎರಡು, ಕೆಲವೊಮ್ಮೆ ಮೂರು ಮೊಳಕೆ ಏಳುತ್ತವೆ. ಅವುಗಳಲ್ಲಿ ಹೆಚ್ಚಿನವು ತಾಯಿಯದೇ ಪಡಿಯಚ್ಚು. ಚಕ್ಕೋತದ ಬೀಜದಲ್ಲಿ ಏಳುವುದು ಒಂದೇ, ಅದು ತಾಯಿಯ ಹಾಗಿರುತ್ತದೆಂಬ ಖಾತ್ರಿ ಇಲ್ಲ. ಅದಕ್ಕೇ ಚಕ್ಕೋತಕ್ಕೆ ಗೂಟಿ ಕಟ್ಟುವುದು. ಕೈ ಕಲಿಯಲು ನಿನಗೆ ಇವು ಸಾಕು. 900 ರೂಪಾಯಿಯ ಗಿಡದ ಮೇಲೆ ಕತ್ತಿ ಆಡಿಸಿ ಕಲಿಯಬೇಡ.

ಮಂಗನ ವಿಷಯ ಹೇಳುವುದಿಲ್ಲ. ಹಣ್ಣಾದ ವರ್ಷ ಅವೇ ಬಂದು ಹೇಳುತ್ತವೆ. ರಾತ್ರಿ ಪಾಳಿ ಬಾವಲಿಗಳದ್ದು. ರಂಬುಟಾನ್‌ಗೆ ಬಲೆ ಹೊದಿಸುವಷ್ಟು ಎತ್ತರದಲ್ಲೇ ಮರವನ್ನು ಕತ್ತರಿಸಿ ನಿಲ್ಲಿಸುವುದನ್ನು ಈಗಿನಿಂದಲೇ ಯೋಚಿಸು.

ಈಗ ಆ 26ರ ಲೆಕ್ಕ. ಆರು ಇಟ್ಟುಕೊಳ್ಳೋಣ. ರಂಬುಟಾನ್ ಎರಡು, ಮ್ಯಾಂಗೋಸ್ಟೀನ್ ಒಂದು, ಜಬೋಟಿಕಾಬ ಒಂದು, ನಿಂಬೆಯ ಬಳಗದಲ್ಲಿ ನಿನಗೆ ಇಷ್ಟವಾದ ಎರಡು. ಜಬೋಟಿಕಾಬ ಹಲಸಿನ ಹಾಗೆ ಮೈಗೇ ಕಾಯಿ ಕಚ್ಚುತ್ತದಂತೆ, ಅದನ್ನು ನೋಡುವ ಆಸೆ ನನಗೂ ಉಂಟು. ಎಂಟು ವರ್ಷ ಎನ್ನುತ್ತಾರೆ, ನನಗೀಗ 76. ಇರಲಿ, ನೆಡು. ಮಿರಾಕಲ್ ಫ್ರೂಟನ್ನು ಬೆಂಗಳೂರಿಗೆ ವಾಪಸ್ ಒಯ್ದು ಕುಂಡದಲ್ಲಿ ಇಡು. ಅದಕ್ಕೆ ಹುಳಿ ಮಣ್ಣು ಬೇಕು, ಅಲ್ಲಿಯ ಬೋರ್‌ವೆಲ್ಲಿನ ಗಡಸು ನೀರು ಹೊಯ್ದರೆ ಎಲೆ ಹಳದಿಯಾಗಿ ಅಂಚು ಸುಡುತ್ತದೆ. ಮಳೆನೀರು ಹಿಡಿದಿಡು. ಹಣ್ಣಾದಾಗ ಒಂದನ್ನು ಚೀಪಿ ಆಮೇಲೆ ನಿಂಬೆ ತಿಂದರೆ ಸಿಹಿ ಎನಿಸುತ್ತದೆ, ನಿನ್ನ ಆಫೀಸಿನವರಿಗೆ ಕೊಟ್ಟು ಮಜಾ ನೋಡು.

ಉಳಿದವನ್ನು ಹಂಚು. ಕೆಳಮನೆಯ ಹುಡುಗನಿಗೆ ಡುರಿಯನ್ ಕೊಡು, ಅವನ ತೋಟದಲ್ಲಿ ಇಳಿಜಾರು ಇದೆ, ನೀರು ನಿಲ್ಲುವುದಿಲ್ಲ. ವಾಸನೆಗೆ ಅವನ ಹೆಂಡತಿ ಏನೆನ್ನುತ್ತಾಳೋ, ಅದು ಅವರ ಸಂಸಾರದ ವಿಷಯ.

ನೀನು ಹೊರಟ ಮೇಲೆ ಚಕ್ಕೋತ ಎರಡು ಕೊಯ್ಯಿಸಿ ಅಟ್ಟದಲ್ಲಿ ಇಟ್ಟಿದ್ದೇನೆ. ಕೊಯ್ದ ದಿನವೇ ಸುಲಿದರೆ ರುಚಿಯಿಲ್ಲ. ಸಿಪ್ಪೆ ಸ್ವಲ್ಪ ಬಾಡಬೇಕು, ಎರಡು ವಾರ ಬೇಕು. ಅಷ್ಟರಲ್ಲಿ ನೀನೂ ಬರುತ್ತೀ. ಬರುವಾಗ ಗಿಡ ತರಬೇಡ. ಅಜ್ಜನ ಕಸಿ ಕತ್ತಿ ಮೊಂಡಾಗಿದೆ, ಹೊಸದೊಂದು ತಾ.