ಅಂಗಳಕ್ಕೆ ಬಂದ ಶಾಲೆ: ಶಿಶುಶಿಕ್ಷಕಿಯರ ತರಬೇತಿಯ ಮೊದಲ ಪಾಠಗಳು

ಮುಂಬಯಿಯ ಪರೇಲ್ ಪ್ರದೇಶವು ಬಹುಕಾಲ ಬಟ್ಟೆಯ ಗಿರಣಿಗಳ ಬೀಡಾಗಿತ್ತು. ಪರೇಲ್, ಲಾಲಬಾಗ್ ಮತ್ತು ಅವುಗಳ ಸುತ್ತಲಿನ ಭಾಗವನ್ನು ಜನರು ‘ಗಿರಣಗಾಂವ್’ ಎಂದು, ಎಂದರೆ ಗಿರಣಿಗಳ ಊರೆಂದು, ಕರೆಯುತ್ತಿದ್ದರು. ಚಾಳುಗಳ ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ ವಾಸವಾಗಿರುತ್ತಿತ್ತು. ತಾಯಿಯೂ ಗಿರಣಿಗೆ ದುಡಿಯಲು ಹೋಗುವ ಮನೆಯಲ್ಲಿ ಮೂರು ನಾಲ್ಕು ವರ್ಷದ ಮಗುವನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ದಿನನಿತ್ಯದ್ದಾಗಿತ್ತು. 1948ರ ಕಾರ್ಖಾನೆಗಳ ಕಾಯಿದೆಯು ಐವತ್ತಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ಕಾರ್ಖಾನೆಗಳಲ್ಲಿ ಆರು ವರ್ಷದೊಳಗಿನ ಮಕ್ಕಳಿಗಾಗಿ ಪ್ರತ್ಯೇಕ ಕೊಠಡಿ ಇರಬೇಕೆಂದು ವಿಧಿಸಿತು. ಆ ಕೊಠಡಿಯು ಶಿಶುಪಾಲನೆಯಲ್ಲಿ ತರಬೇತಿ ಪಡೆದ ಮಹಿಳೆಯರ ವಶದಲ್ಲಿರಬೇಕೆಂದೂ ಅದೇ ಕಾಯಿದೆ ಹೇಳಿತು. ಕೊಠಡಿ ಕಟ್ಟುವುದು ಸುಲಭ. ತರಬೇತಿ ಪಡೆದ ಮಹಿಳೆಯರು ಎಲ್ಲಿಂದ ಬರಬೇಕು?

ಈ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನವು ಪರೇಲಿಗೆ ಹೊಂದಿಕೊಂಡಿರುವ ದಾದರಿನಲ್ಲಿ 1936ರಲ್ಲಿಯೇ ಆರಂಭವಾಗಿತ್ತು. ಶ್ರೀಮತಿ ತಾರಾಬಾಯಿ ಮೋಡಕ್ ಅವರು ಅಲ್ಲಿ ‘ಶಿಶುವಿಹಾರ’ವನ್ನು ಸ್ಥಾಪಿಸಿದರು. ಅದು ಮಕ್ಕಳ ಶಾಲೆಯೂ ಹೌದು, ಶಿಶುಶಿಕ್ಷಕಿಯರ ತರಬೇತಿಯ ತಾಣವೂ ಹೌದು. ಅದರ ಹಿನ್ನೆಲೆಯನ್ನೂ ಅಲ್ಲಿಂದ ಬೆಳೆದ ವಿಚಾರವನ್ನೂ ಈ ಪಾಠದಲ್ಲಿ ತಿಳಿಯೋಣ.

ಹಿನ್ನೆಲೆ

1907ರ ಜನವರಿ 6ರಂದು ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡಾವಣೆಯಲ್ಲಿ ಡಾ. ಮರಿಯಾ ಮಾಂಟೆಸ್ಸೊರಿ ಅವರು ‘ಮಕ್ಕಳ ಮನೆ’ಯನ್ನು ತೆರೆದರು. ಅದೂ ಪರೇಲಿನಂತೆ ಕಾರ್ಮಿಕರು ಕಿಕ್ಕಿರಿದು ವಾಸಿಸುತ್ತಿದ್ದ ಸ್ಥಳವೇ. ಮಗುವಿಗೆ ತಕ್ಕ ವಸ್ತುಗಳನ್ನೂ ಸ್ವಾತಂತ್ರ್ಯವನ್ನೂ ಒದಗಿಸಿದರೆ ಅದು ತಾನಾಗಿಯೇ ಕಲಿಯುತ್ತದೆ ಎಂಬುದು ಅವರ ಅನುಭವದ ಸಾರ.

ಈ ವಿಚಾರವನ್ನು ಭಾರತದ ನೆಲಕ್ಕೆ ಒಗ್ಗಿಸಿದವರು ಗುಜರಾತಿನ ಗಿಜುಭಾಯಿ ಬಧೇಕಾ (1885–1939). ವೃತ್ತಿಯಿಂದ ವಕೀಲರಾಗಿದ್ದ ಅವರು ಅದನ್ನು ಬಿಟ್ಟು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ಆರಂಭಿಸಿದರು. ಜನರು ಅವರನ್ನು ಪ್ರೀತಿಯಿಂದ ‘ಮೀಸೆಯುಳ್ಳ ತಾಯಿ’ ಎಂದು ಕರೆಯುತ್ತಿದ್ದರು. ಮುಂಬಯಿಯಲ್ಲಿ 1892ರಲ್ಲಿ ಜನಿಸಿದ ತಾರಾಬಾಯಿಯವರು ರಾಜಕೋಟದ ಮಹಿಳಾ ಅಧ್ಯಾಪನ ಕಾಲೇಜಿನಲ್ಲಿ ಕೆಲಸ ಮಾಡಿ, ಅನಂತರ ಗಿಜುಭಾಯಿಯವರೊಂದಿಗೆ ಕೂಡಿಕೊಂಡರು. 1926ರಲ್ಲಿ ‘ನೂತನ ಬಾಲ ಶಿಕ್ಷಣ ಸಂಘ’ವು ಸ್ಥಾಪಿತವಾಯಿತು.

ಅಭ್ಯಾಸದ ಸ್ವರೂಪ

ಬಾಲಮಂದಿರದ ಪದ್ಧತಿಯಲ್ಲಿ ತರಬೇತಿಗೆ ಬರುವ ವಿದ್ಯಾರ್ಥಿನಿ ಮೊದಲು ಕಲಿಯಬೇಕಾದುದು ನೋಡುವುದನ್ನು. ಸ್ವತಃ ಬೆತ್ತದ ಭಯದಲ್ಲಿ ಓದಿ ಬಂದವಳಿಗೆ ಇದು ಕಠಿಣವಾದ ಪಾಠ. ಮಗು ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರಿಯುವಾಗ ಚೆಲ್ಲುತ್ತದೆ. ಕೂಡಲೇ ಪಾತ್ರೆಯನ್ನು ಕಿತ್ತುಕೊಳ್ಳಲು ಕೈ ಮುಂದಾಗುತ್ತದೆ. ಆ ಕೈಯನ್ನು ತಡೆಯುವುದು, ಮಗು ಎಷ್ಟು ಹೊತ್ತು ಆ ಕೆಲಸದಲ್ಲಿ ಮಗ್ನವಾಗಿತ್ತು, ಎಷ್ಟನೆಯ ಸಲ ಚೆಲ್ಲದೆ ಸುರಿಯಿತು ಎಂಬುದನ್ನು ಗಮನಿಸಿ ಬರೆದಿಡುವುದು, ಇವೇ ಆರಂಭದ ಅಭ್ಯಾಸಗಳು.

ಅನಂತರ ಬರುವ ವಿಷಯಗಳನ್ನು ಸ್ಥೂಲವಾಗಿ ಹೀಗೆ ವಿಂಗಡಿಸಬಹುದು:

1. ಜೀವನ ವ್ಯವಹಾರ: ಗುಂಡಿ ಹಾಕುವುದು, ಕೈ ತೊಳೆಯುವುದು, ಕಸ ಗುಡಿಸುವುದು ಮುಂತಾದ ನಿತ್ಯದ ಕೆಲಸಗಳನ್ನು ಮಗು ತಾನೇ ಮಾಡುವಂತೆ ಅಣಿಗೊಳಿಸುವುದು.

2. ಇಂದ್ರಿಯ ಶಿಕ್ಷಣ: ಬಣ್ಣ, ಆಕಾರ, ತೂಕ, ನಾದ, ನುಣುಪು ಮತ್ತು ಒರಟುಗಳ ವ್ಯತ್ಯಾಸವನ್ನು ವಸ್ತುಗಳ ಮೂಲಕ ತಿಳಿಸುವುದು.

3. ಕಥೆ, ಹಾಡು, ಅಭಿನಯ: ಕಥೆ ಹೇಳುವುದು ಒಂದು ಶಾಸ್ತ್ರವೆಂದು ಗಿಜುಭಾಯಿಯವರು ಭಾವಿಸಿದ್ದರು, ಅದರ ಮೇಲೆ ಗ್ರಂಥವನ್ನೇ ರಚಿಸಿದರು. ಕಥೆಯ ಕೊನೆಗೆ ನೀತಿಯನ್ನು ಹೇರದೆ, ಕಥೆಯ ಸವಿಯನ್ನೇ ಮಗುವಿಗೆ ಉಣಿಸಬೇಕು.

4. ಆರೋಗ್ಯ ಮತ್ತು ಶಿಶುಮನೋವಿಜ್ಞಾನ: ಮಗುವಿನ ಬೆಳವಣಿಗೆ, ಆಹಾರ, ಸಾಮಾನ್ಯ ಕಾಯಿಲೆಗಳು, ಹಠ ಮತ್ತು ಭಯಗಳ ಕಾರಣಗಳು.

ಪುಸ್ತಕದಲ್ಲಿ ಓದಿದುದನ್ನು ಪಕ್ಕದ ಮಕ್ಕಳ ಶಾಲೆಯಲ್ಲಿ ಪರೀಕ್ಷಿಸಿ ನೋಡುವ ಅನುಕೂಲ ಇರಬೇಕೆಂಬುದರಿಂದಲೇ ತರಬೇತಿ ಶಾಲೆಯೂ ಬಾಲಮಂದಿರವೂ ಒಂದೇ ಆವರಣದಲ್ಲಿ ಇರಬೇಕಾಗುತ್ತದೆ.

ಬೋರ್ಡಿಯಲ್ಲಿ ಕಲಿತ ಪಾಠ

ನಗರದ ಬಾಲಮಂದಿರಕ್ಕೆ ಬರುತ್ತಿದ್ದವರು ಹೆಚ್ಚಾಗಿ ಅನುಕೂಲಸ್ಥರ ಮಕ್ಕಳು. ಬೆಲೆಬಾಳುವ ಸಲಕರಣೆಗಳು, ಸಜ್ಜಾದ ಕಟ್ಟಡ, ಹೊತ್ತಿಗೆ ಸರಿಯಾಗಿ ಮಗುವನ್ನು ಕರೆತರುವ ತಾಯಿ, ಇವು ಬಡವರಿಗೆ ಎಲ್ಲಿಂದ ಬರಬೇಕು? ಈ ಕೊರತೆಯನ್ನು ಮನಗಂಡ ತಾರಾಬಾಯಿಯವರು 1945ರಲ್ಲಿ ಆಗಿನ ಠಾಣೆ ಜಿಲ್ಲೆಯ ಕಡಲತೀರದ ಗ್ರಾಮವಾದ ಬೋರ್ಡಿಗೆ ತೆರಳಿದರು. ಅವರಿಗೆ ಜೊತೆಯಾದವರು ಶ್ರೀಮತಿ ಅನುತಾಯಿ ವಾಘ್ (1910–1992). ಬಾಲ್ಯದಲ್ಲಿಯೇ ವಿಧವೆಯಾದ ಅನುತಾಯಿಯವರು ಪುಣೆಯಲ್ಲಿ ಶಿಕ್ಷಕಿಯರ ತರಬೇತಿ ಪಡೆದು, ಹಗಲಿನಲ್ಲಿ ಪಾಠ ಹೇಳುತ್ತ ರಾತ್ರಿಶಾಲೆಯಲ್ಲಿ ಓದಿ ಮೆಟ್ರಿಕ್ಯುಲೇಷನ್ ಮುಗಿಸಿದ್ದರು.

ಬೋರ್ಡಿಯಲ್ಲಿ ಬಾಲವಾಡಿಯನ್ನು ತೆರೆದರೂ ಬಡವರ ಕೇರಿಗಳ ಮಕ್ಕಳು ಬರಲಿಲ್ಲ. ತಾಯಂದಿರಿಗೆ ಕೂಲಿಯ ಹೊತ್ತು. ಕೂಸುಗಳನ್ನು ಆಡಿಸುವುದು ಹಿರಿಯ ಮಕ್ಕಳ ಪಾಲಿನ ಕೆಲಸ. ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಮಕ್ಕಳ ಬಳಿಗೆ ಹೋಗಬೇಕೆಂದು ಶಿಕ್ಷಕಿಯರು ನಿರ್ಧರಿಸಿದರು. ಕೇರಿಯ ಅಂಗಳದಲ್ಲಿಯೇ ಮಕ್ಕಳ ಮೈ ತೊಳೆದು, ತಲೆ ಬಾಚಿ, ಹಾಡು ಕಥೆಗಳನ್ನು ಹೇಳಿಕೊಡಲಾಯಿತು. ಈ ಅಂಗಳದ ಶಾಲೆಗೆ ಬಂದ ಹೆಸರೇ ‘ಅಂಗನವಾಡಿ’.

1957ರಲ್ಲಿ ಈ ಕಾರ್ಯವು ಡಹಾಣು ತಾಲ್ಲೂಕಿನ ಕೋಸಬಾಡದ ಗುಡ್ಡಕ್ಕೆ ಸ್ಥಳಾಂತರಗೊಂಡಿತು. ಅಲ್ಲಿನ ವಾರಲಿ ಬುಡಕಟ್ಟಿನ ಮಕ್ಕಳು ದನ ಕಾಯಲು ಹೋಗುತ್ತಿದ್ದುದರಿಂದ ಹುಲ್ಲುಗಾವಲಿನಲ್ಲಿಯೇ ‘ಕುರಣಶಾಲೆ’ ನಡೆಯಿತು. ಬೆಲೆಯುಳ್ಳ ಸಲಕರಣೆಗಳ ಬದಲಿಗೆ ಬೀಜ, ಎಲೆ, ಕಲ್ಲು, ಕಪ್ಪೆಚಿಪ್ಪು, ಜೇಡಿಮಣ್ಣುಗಳು ಕಲಿಕೆಯ ಸಾಮಗ್ರಿಗಳಾದವು. ತರಬೇತಿಯ ಅರ್ಥವೇ ಇದರಿಂದ ವಿಸ್ತಾರವಾಯಿತು. ಮಗುವನ್ನು ಬಲ್ಲವಳಾದರೆ ಸಾಲದು, ಮಗುವಿನ ಮನೆಯನ್ನೂ ಆ ಮನೆಯ ದುಡಿಮೆಯ ಹೊತ್ತನ್ನೂ ಶಿಕ್ಷಕಿ ಬಲ್ಲವಳಾಗಿರಬೇಕು.

ದೇಶವ್ಯಾಪಿ ಯೋಜನೆ

ಸಮಗ್ರ ಶಿಶು ಅಭಿವೃದ್ಧಿ ಸೇವೆಗಳ ಯೋಜನೆಯು 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವು ಅದಕ್ಕೆ ಆಯ್ಕೆಯಾಯಿತು. ಪೂರಕ ಪೌಷ್ಟಿಕ ಆಹಾರ, ರೋಗನಿರೋಧಕ ಚುಚ್ಚುಮದ್ದು, ಆರೋಗ್ಯ ತಪಾಸಣೆ, ಹೆಚ್ಚಿನ ಚಿಕಿತ್ಸೆಗೆ ಕಳುಹಿಸುವುದು, ಪೌಷ್ಟಿಕತೆ ಮತ್ತು ಆರೋಗ್ಯದ ಶಿಕ್ಷಣ, ಶಾಲಾಪೂರ್ವ ಶಿಕ್ಷಣ ಎಂಬ ಆರು ಸೇವೆಗಳನ್ನು ನೀಡುವ ಕೇಂದ್ರಕ್ಕೆ ‘ಅಂಗನವಾಡಿ’ ಎಂಬ ಹೆಸರೇ ನಿಂತಿತು. ಅಂಗಣ, ಅಂಗಳ ಎಂಬ ಮಾತುಗಳನ್ನು ಬಲ್ಲ ಕನ್ನಡಿಗರಿಗೆ ಅದು ಹೊರಗಿನ ಪದವೆಂದು ತೋರಲೇ ಇಲ್ಲ.

ಆದರೆ ಹೆಸರಿನೊಂದಿಗೆ ಆ ಮೊದಲಿನ ಪಾಠವೂ ಬರಬೇಕಲ್ಲವೇ? ಅಂಗನವಾಡಿ ಕಾರ್ಯಕರ್ತೆಯು ತೂಕ ನೋಡಬೇಕು, ಆಹಾರ ಹಂಚಬೇಕು, ದಾಖಲೆಗಳನ್ನು ಬರೆಯಬೇಕು, ಮನೆಗಳಿಗೆ ಭೇಟಿ ಕೊಡಬೇಕು. ಇವೆಲ್ಲದರ ನಡುವೆ ಆರನೆಯ ಸೇವೆಯಾದ ಶಿಕ್ಷಣವು ಹಿಂದೆ ಬೀಳುವುದು ಸುಲಭ. ಮೂರು ವರ್ಷದ ಮಗುವಿಗೆ ಅಕ್ಷರ ತಿದ್ದಿಸಿರೆಂದು ಪಾಲಕರೂ ಒತ್ತಾಯಿಸುತ್ತಾರೆ. ತರಬೇತಿ ಗಟ್ಟಿಯಾಗಿದ್ದರೆ ಕಾರ್ಯಕರ್ತೆ ಅವರಿಗೆ ಉತ್ತರ ಹೇಳಬಲ್ಲಳು. ಹುಣಸೆಬೀಜಗಳನ್ನು ಐದೈದರಂತೆ ಜೋಡಿಸುವ ಮಗು ಲೆಕ್ಕವನ್ನೇ ಕಲಿಯುತ್ತಿದೆ, ಜೇಡಿಮಣ್ಣನ್ನು ಮಿದಿಯುವ ಬೆರಳುಗಳು ನಾಳೆ ಬಳಪ ಹಿಡಿಯಲು ಸಿದ್ಧವಾಗುತ್ತಿವೆ ಎಂದು ತೋರಿಸಿಕೊಡಬಲ್ಲಳು. ಸಣ್ಣ ಬೀಜಗಳನ್ನು ಮಗು ಬಾಯಿಗೆ ಹಾಕಿಕೊಳ್ಳದಂತೆ ಬಳಿಯಲ್ಲೇ ಕುಳಿತು ಕಾಯಬೇಕೆಂಬುದನ್ನೂ ಅರಿತಿರುತ್ತಾಳೆ. ತರಬೇತಿ ತೆಳುವಾಗಿದ್ದರೆ ಹಲಗೆ ಬಳಪಗಳಿಗೇ ಶರಣಾಗುತ್ತಾಳೆ. ನಷ್ಟ ಆಗುವುದು ಮಗುವಿಗೆ. ಅದೂ ಮನೆಯಲ್ಲಿ ಬೇರೆ ಆಸರೆಯಿಲ್ಲದ ಬಡವರ ಮಗುವಿಗೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಈ ಅಗತ್ಯವನ್ನು ಒಪ್ಪಿಕೊಂಡಿದೆ. ಹನ್ನೆರಡನೆಯ ತರಗತಿಯವರೆಗೆ ಓದಿದ ಕಾರ್ಯಕರ್ತೆಯರಿಗೆ ಆರು ತಿಂಗಳ ಪ್ರಮಾಣಪತ್ರದ ತರಬೇತಿಯನ್ನೂ, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾವನ್ನೂ ಅದು ಸೂಚಿಸಿದೆ. ಈ ಅವಧಿಯ ಒಂದು ಭಾಗವಾದರೂ ಮಕ್ಕಳ ನಡುವೆ, ಅಂಗಳದಲ್ಲಿ, ಕಳೆಯುವಂತಾದರೆ ಬೋರ್ಡಿಯ ಪಾಠವು ಉಳಿದಂತಾಗುತ್ತದೆ.

ಪರೇಲಿನ ಗಿರಣಿಗಳು 1982ರ ದೀರ್ಘ ಮುಷ್ಕರದ ನಂತರದ ವರ್ಷಗಳಲ್ಲಿ ಒಂದೊಂದಾಗಿ ಮುಚ್ಚಿದವು. ದುಡಿಯುವ ತಾಯಂದಿರು ಮಾತ್ರ ಇಂದಿಗೂ ಪ್ರತಿ ಊರಿನಲ್ಲಿಯೂ ಇದ್ದಾರೆ. ಅವರು ನಂಬಿ ಬಿಟ್ಟುಹೋಗುವ ಮಗುವನ್ನು ಕಾಯುವುದರೊಂದಿಗೆ ಅರಿಯಬಲ್ಲವಳೇ ನಿಜವಾದ ಶಿಶುಶಿಕ್ಷಕಿ.

ಅಭ್ಯಾಸ

1. ನಿಮ್ಮ ಊರಿನ ಅಂಗನವಾಡಿಯಲ್ಲಿ ಒಂದು ಮಗುವನ್ನು ಅರ್ಧ ಗಂಟೆ ಗಮನಿಸಿ, ಅದು ತಾನಾಗಿ ಕೈಗೊಂಡ ಕೆಲಸಗಳನ್ನು ಬರೆಯಿರಿ.

2. ಕೇಂದ್ರಕ್ಕೆ ಬಾರದ ಮಕ್ಕಳು ನಿಮ್ಮ ಕೇರಿಯಲ್ಲಿ ಇದ್ದಾರೆಯೇ? ಬಾರದಿರಲು ಕಾರಣವೇನೆಂಬುದನ್ನು ಅವರ ಮನೆಯವರಿಂದ ಕೇಳಿ ತಿಳಿಯಿರಿ.

3. ಹಣ ಖರ್ಚಿಲ್ಲದೆ ದೊರೆಯುವ ಯಾವ ಐದು ವಸ್ತುಗಳಿಂದ ಬಣ್ಣ, ಆಕಾರ ಮತ್ತು ಎಣಿಕೆಯನ್ನು ಕಲಿಸಬಹುದು?