ಮುಂಜಾವದ ಕತ್ತಲಲ್ಲಿ ಬೈಸಿಕಲ್ ಸವಾರಿ

ಕಾಳಿ ನದಿಯ ಉತ್ತರ ದಡದಲ್ಲಿರುವ ಚಿತ್ತಾಕುಲದಿಂದ ಕಾರವಾರಕ್ಕೆ ಹೋಗಬೇಕಾದರೆ ಹೆದ್ದಾರಿಯ ಸೇತುವೆಯನ್ನು ದಾಟಬೇಕು. ಗೋವೆಗೆ ಹೋಗಿಬರುವ ಲಾರಿಗಳಿಗೂ ಅದೇ ದಾರಿ. ಸೂರ್ಯೋದಯಕ್ಕೆ ಮುನ್ನ ಇಲ್ಲಿ ಬೈಸಿಕಲ್ ಹತ್ತುವವರು ಮೊದಲು ತಿಳಿಯಬೇಕಾದುದೇನು? ನಾವು ದಾರಿಯನ್ನು ಕಂಡರೆ ಸಾಲದು, ಇತರರು ನಮ್ಮನ್ನು ಕಾಣಬೇಕು.

ನಮ್ಮ ಅಕ್ಷಿಪಟಲದಲ್ಲಿ ಮಂದ ಬೆಳಕನ್ನು ಗ್ರಹಿಸುವ ದಂಡಕೋಶಗಳಿವೆ. ಬೆಳಕಿನ ಕೋಣೆಯಿಂದ ಹೊರಬಂದ ಮೇಲೆ ಅವು ಪೂರ್ಣವಾಗಿ ಚುರುಕಾಗಲು ಸುಮಾರು 30 ನಿಮಿಷಗಳು ಬೇಕು. ಬಳಿಕ ದಾರಿಯು ಮಸುಕಾಗಿ ಕಾಣತೊಡಗಿ, ‘ಇನ್ನು ದೀಪವೇಕೆ?’ ಎನಿಸುವುದುಂಟು. ನಾವು ಮೋಸಹೋಗುವುದು ಇಲ್ಲಿಯೇ. ತನ್ನ ವಾಹನದ ದೀಪಗಳ ಪ್ರಕಾಶಕ್ಕೆ ಒಗ್ಗಿದ ಚಾಲಕನ ಕಣ್ಣಿಗೆ ಆ ಮಸುಕು ಬರಿಯ ಕತ್ತಲೆ. ಗಂಟೆಗೆ 60 ಕಿಲೋಮೀಟರು ವೇಗದ ಲಾರಿಯು ಸೆಕೆಂಡಿಗೆ ಸುಮಾರು 17 ಮೀಟರು ಸಾಗುತ್ತದೆ. ಚಾಲಕನು ಅಪಾಯವನ್ನು ಕಂಡು ಬ್ರೇಕು ಒತ್ತುವಷ್ಟರಲ್ಲಿ ಒಂದು ಸೆಕೆಂಡಾದರೂ ಕಳೆದಿರುತ್ತದೆ.

ಆಗ ನೆರವಾಗುವುದು ಹಿಂಬದಿಯ ಕೆಂಪು ಪ್ರತಿಫಲಕ. ಅದರೊಳಗೆ ಒಂದಕ್ಕೊಂದು ಲಂಬವಾದ ಮೂರು ಮುಖಗಳುಳ್ಳ ಪುಟ್ಟ ಮೂಲೆಗಳು ಸಾಲಾಗಿವೆ. ಬೆಳಕು ಈ ಮೂರು ಮುಖಗಳಿಂದಲೂ ಪ್ರತಿಫಲಿಸಿ, ಬಂದ ದಿಕ್ಕಿಗೇ, ಎಂದರೆ ಚಾಲಕನ ಕಡೆಗೇ, ಮರಳುತ್ತದೆ. ಪೆಡಲಿನ ಪ್ರತಿಫಲಕಗಳು ಮೇಲೆ ಕೆಳಗೆ ಆಡುವುದರಿಂದ ಮುಂದಿರುವುದು ಬೈಸಿಕಲ್ ಎಂಬುದು ಬೇಗನೆ ತಿಳಿಯುತ್ತದೆ.

ಆದರೆ ಬೇರೊಂದು ದೀಪದ ಬೆಳಕು ಬೀಳದೆ ಪ್ರತಿಫಲಕವು ಹೊಳೆಯದು. ಕೈಯಲ್ಲಿ ದೀಪವಿಲ್ಲದ ಪಾದಚಾರಿಗೆ ಅದು ಕಾಣದು. ಆದುದರಿಂದ ಮುಂದೆ ಬಿಳಿಯ ದೀಪ, ಹಿಂದೆ ಕೆಂಪು ದೀಪ ಎರಡೂ ಬೇಕು. ಎದುರಿನವರ ಕಣ್ಣು ಕೋರೈಸದಂತೆ ಮುಂದಿನ ದೀಪವನ್ನು ತುಸು ಕೆಳಕ್ಕೆ ಬಾಗಿಸಬೇಕು. ಕೆಸರೂ ಇಬ್ಬನಿಯೂ ಪ್ರತಿಫಲಕವನ್ನು ಮಂಕಾಗಿಸುತ್ತವೆ. ಹೊರಡುವ ಮುನ್ನ ಅದನ್ನು ಒರೆಸಲು ಅರೆನಿಮಿಷ ಸಾಕು.